1787ರ ಫಿಲಡೆಲ್ಫಿಯಾ ಸಮಾವೇಶಕ್ಕೆ ಹೊಸ ಸಂವಿಧಾನ ಬರೆಯುವ ಅಧಿಕಾರ ಇತ್ತೇ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಅಮೆರಿಕದ ಸಂವಿಧಾನವನ್ನು ಕುರಿತು ಕನ್ನಡದಲ್ಲಿ ಬರುವ ಬಹುತೇಕ ಬರಹಗಳು 1776ರ ಸ್ವಾತಂತ್ರ್ಯ ಘೋಷಣೆಯಿಂದ ಒಂದೇ ನೆಗೆತಕ್ಕೆ 1789ರ ವಾಷಿಂಗ್ಟನ್ ಪ್ರಮಾಣವಚನಕ್ಕೆ ಹೋಗಿಬಿಡುತ್ತವೆ. ನಡುವಿನ ಹದಿಮೂರು ವರ್ಷ ಆ ದೇಶಕ್ಕೆ ಸರ್ಕಾರವೇ ಇರಲಿಲ್ಲವೇನೋ ಎಂದು ಓದುಗನಿಗೆ ಅನ್ನಿಸುವಂತಿರುತ್ತದೆ. ವಾಸ್ತವದಲ್ಲಿ ಸರ್ಕಾರ ಇತ್ತು, ಅದಕ್ಕೊಂದು ಲಿಖಿತ ಕಾನೂನೂ ಇತ್ತು. ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಎಂಬ ಆ ಒಕ್ಕೂಟದ ಕರಾರನ್ನು ರಾಜ್ಯಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ 1777ರ ನವೆಂಬರ್ 15ರಂದು ಅಂಗೀಕರಿಸಿತು. ಪಶ್ಚಿಮದ ಜಮೀನಿನ ಮೇಲೆ ವರ್ಜೀನಿಯಾದಂಥ ರಾಜ್ಯಗಳು ಸಾಧಿಸುತ್ತಿದ್ದ ಹಕ್ಕನ್ನು ಬಿಟ್ಟುಕೊಡುವವರೆಗೆ ಒಪ್ಪುವುದಿಲ್ಲ ಎಂದು ಮೇರಿಲೆಂಡ್ ಪಟ್ಟು ಹಿಡಿದದ್ದರಿಂದ ಅದು ಜಾರಿಗೆ ಬರಲು 1781ರ ಮಾರ್ಚ್ 1ರವರೆಗೆ ಕಾಯಬೇಕಾಯಿತು.

ನನ್ನ ಪ್ರಶ್ನೆ ಆ ಕರಾರಿನ ಹದಿಮೂರನೆಯ ವಿಧಿಯನ್ನು ಕುರಿತದ್ದು. ಕರಾರಿನಲ್ಲಿ ಯಾವುದೇ ಬದಲಾವಣೆ ಮಾಡಬೇಕಾದರೂ ಮೊದಲು ಕಾಂಗ್ರೆಸ್ ಒಪ್ಪಬೇಕು, ಆಮೇಲೆ ಪ್ರತಿಯೊಂದು ರಾಜ್ಯದ ಶಾಸನಸಭೆಯೂ ಒಪ್ಪಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 1787ರ ಫೆಬ್ರವರಿ 21ರಂದು ಕಾಂಗ್ರೆಸ್ ಫಿಲಡೆಲ್ಫಿಯಾ ಸಮಾವೇಶಕ್ಕೆ ಸಮ್ಮತಿ ಕೊಟ್ಟಾಗಲೂ, ಕರಾರನ್ನು ಪರಿಷ್ಕರಿಸುವುದು ಮಾತ್ರವೇ ಅದರ ಉದ್ದೇಶ ಎಂದು ಠರಾವಿನಲ್ಲಿ ಬರೆಯಿತು. ಆದರೆ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಬಾಗಿಲು ಮುಚ್ಚಿ ಕುಳಿತ ಆ ಪ್ರತಿನಿಧಿಗಳು ಹೊರಗೆ ತಂದದ್ದು ಹೊಚ್ಚ ಹೊಸ ಸಂವಿಧಾನವನ್ನು. ಅದರ ಏಳನೆಯ ವಿಧಿಯ ಪ್ರಕಾರ ಹದಿಮೂರಲ್ಲ, ಒಂಬತ್ತು ರಾಜ್ಯಗಳು ಒಪ್ಪಿದರೆ ಸಾಕು. ಅದೂ ಶಾಸನಸಭೆಗಳಲ್ಲ, ಬೇರೆಯಾಗಿ ಕರೆದ ಸಮಾವೇಶಗಳು. ಕರಾರನ್ನು ತಿದ್ದಲು ಹೋದವರು ಕರಾರನ್ನೇ ಹರಿದುಹಾಕಿದರೆ ಅದಕ್ಕೆ ಏನೆನ್ನಬೇಕು? ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಜೋಳದರೊಟ್ಟಿ

ಗೆದ್ದವನು ಮಾಡಿದ್ದೇ ಕಾನೂನು, ಇದರಲ್ಲಿ ಕೇಳುವುದೇನಿದೆ? ಜೆಫರ್ಸನ್ ಬರೆದ ಸಂವಿಧಾನ ಇನ್ನೂರು ವರ್ಷ ದಾಟಿ ನಿಂತಿದೆ ಎಂಬುದೇ ಉತ್ತರ.

ಹಳೇಪುಟ

ಜೋಳದರೊಟ್ಟಿಯವರೇ, ಜೆಫರ್ಸನ್ ಆ ಬೇಸಿಗೆಯಲ್ಲಿ ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದರು, ಜಾನ್ ಆಡಮ್ಸ್ ಲಂಡನ್‌ನಲ್ಲಿದ್ದರು. ಇಬ್ಬರೂ ಸಮಾವೇಶದ ಬಾಗಿಲನ್ನೇ ನೋಡಲಿಲ್ಲ. ಜೆಫರ್ಸನ್ ಬರೆದದ್ದು 1776ರ ಘೋಷಣೆಯನ್ನು. ಸಂವಿಧಾನದ ಅಂತಿಮ ಪಾಠಕ್ಕೆ ಭಾಷೆಯ ರೂಪ ಕೊಟ್ಟವರು ಪೆನ್ಸಿಲ್ವೇನಿಯಾದ ಗವರ್ನರ್ ಮಾರಿಸ್. ಇಲ್ಲಿ ಗವರ್ನರ್ ಎಂಬುದು ಅವರ ಹೆಸರೇ ಹೊರತು ಹುದ್ದೆಯಲ್ಲ.

ತುಂಗಾತೀರ ಅವರ ಪ್ರಶ್ನೆಗೆ ಬರುವ ಮೊದಲು ಹಳೆಯ ಕರಾರು ಯಾವ ಸ್ಥಿತಿಗೆ ಬಂದಿತ್ತು ಎಂಬುದನ್ನು ನೋಡಬೇಕು. ಒಂದೇ ಸದನದ ಕಾಂಗ್ರೆಸ್. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ಒಂದೇ ಮತ. ಯುದ್ಧ, ಒಪ್ಪಂದ, ಸಾಲ ಮುಂತಾದ ಮುಖ್ಯ ವಿಷಯಗಳಿಗೆ ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕು. ಪ್ರತ್ಯೇಕ ಕಾರ್ಯಾಂಗವಿಲ್ಲ, ಸಾಮಾನ್ಯ ನ್ಯಾಯಾಂಗವೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ ತೆರಿಗೆ ಹಾಕುವ ಅಧಿಕಾರವಿಲ್ಲ. ಕಾಂಗ್ರೆಸ್ ಪ್ರತಿ ರಾಜ್ಯಕ್ಕೂ ಇಷ್ಟು ಕೊಡಿ ಎಂದು ಪತ್ರ ಬರೆಯುತ್ತಿತ್ತು. ಊರಹಬ್ಬಕ್ಕೆ ವಂತಿಗೆ ಎತ್ತುವವರ ಹಾಗೆ ಕೊಟ್ಟವರಿಂದ ತೆಗೆದುಕೊಂಡು, ಕೊಡದವರ ಮನೆ ಮುಂದೆ ನಿಂತು ವಾಪಸಾಗಬೇಕಿತ್ತು. ಆಮದಿನ ಮೇಲೆ ಶೇಕಡಾ 5ರ ಸುಂಕ ಹಾಕಲು ಅನುಮತಿ ಕೊಡಿ ಎಂದು 1781ರಲ್ಲಿ ಕೇಳಿದಾಗ ರೋಡ್ ಐಲೆಂಡ್ ಒಂದೇ ರಾಜ್ಯ ಅದನ್ನು ಮುರಿದುಹಾಕಿತು. 1783ರಲ್ಲಿ ಮತ್ತೆ ಕೇಳಿದಾಗ ನ್ಯೂಯಾರ್ಕ್ ಒಪ್ಪಲಾಗದ ಷರತ್ತು ಹಾಕಿ ಕೆಡಿಸಿತು. ಸರ್ವಾನುಮತದ ನಿಯಮ ಎಂದರೆ ಇದು: ಹನ್ನೆರಡು ರಾಜ್ಯಗಳು ಒಪ್ಪಿದರೂ ಒಂದು ರಾಜ್ಯಕ್ಕೆ ಎಲ್ಲವನ್ನೂ ನಿಲ್ಲಿಸುವ ಬಲ.

ಕಾಂಗ್ರೆಸ್ಸಿನ ಘನತೆಯ ಬಗ್ಗೆ ಹೇಳುವುದಾದರೆ, 1783ರ ಜೂನ್‌ನಲ್ಲಿ ಸಂಬಳ ಬಾಕಿ ಇದ್ದ ಸೈನಿಕರು ಫಿಲಡೆಲ್ಫಿಯಾದ ಸ್ಟೇಟ್ ಹೌಸನ್ನು ಸುತ್ತುವರಿದಾಗ ಪೆನ್ಸಿಲ್ವೇನಿಯಾ ಸರ್ಕಾರ ತನ್ನ ಸ್ಥಳೀಯ ಪಡೆಯನ್ನು ಕರೆಸಲು ಒಪ್ಪಲಿಲ್ಲ. ಕಾಂಗ್ರೆಸ್ ಪ್ರಿನ್ಸ್‌ಟನ್‌ಗೆ ಓಡಿತು, ಅಲ್ಲಿಂದ ಅನಾಪೊಲಿಸ್, ಟ್ರೆಂಟನ್, ಕೊನೆಗೆ ನ್ಯೂಯಾರ್ಕ್. ಬ್ರಿಟನ್ನಿನೊಂದಿಗೆ ಆದ ಶಾಂತಿ ಒಪ್ಪಂದವನ್ನು ಅನುಮೋದಿಸಲು ಒಂಬತ್ತು ರಾಜ್ಯಗಳ ಪ್ರತಿನಿಧಿಗಳನ್ನು ಒಟ್ಟುಗೂಡಿಸುವುದೇ ಅನಾಪೊಲಿಸ್‌ನಲ್ಲಿ ಸಾಹಸವಾಯಿತು. ಅದು ಅನುಮೋದನೆಗೊಂಡದ್ದು 1784ರ ಜನವರಿ 14ಕ್ಕೆ. ಸ್ವಾತಂತ್ರ್ಯ ತಂದುಕೊಟ್ಟ ಒಪ್ಪಂದಕ್ಕೇ ಕೋರಂ ಸಿಗದ ಸರ್ಕಾರ ಅದು.

ಗಂಜಾಂ ಹುಡುಗ

ಇದೇ ಕಾಲಕ್ಕೆ ಸೇರಿದ ನಮ್ಮ ಕಡೆಯ ಒಂದು ನಂಟು ಹೇಳಿಬಿಡುತ್ತೇನೆ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಂಕ್ ಎಂಬ ಹಡಗನ್ನು ಸೆರೆಹಿಡಿದ ಅಮೆರಿಕನ್ ಹಡಗಿನ ಹೆಸರು ಹೈದರ್ ಅಲಿ. ಮೈಸೂರಿನಲ್ಲಿ ಬ್ರಿಟಿಷರ ನಿದ್ದೆಗೆಡಿಸಿದವನ ಹೆಸರನ್ನು ಅಲ್ಲಿನವರು ಹಡಗಿಗೆ ಇಟ್ಟಿದ್ದರು. ಕ್ಯಾಪ್ಟನ್ ಜೋಶುವಾ ಬಾರ್ನಿಗೆ ಆಗ ಇಪ್ಪತ್ತೆರಡೇ ವಯಸ್ಸು.

ನಿರ್ವಾಹಕ

ಮಾಹಿತಿ ಸೊಗಸಾಗಿದೆ. ಆದರೆ ಹೈದರನ ಮೇಲೆ ಇಲ್ಲಿಯೇ ಯುದ್ಧ ಶುರುವಾಗುವ ಮೊದಲು ಅದಕ್ಕೆ ಪ್ರತ್ಯೇಕ ಎಳೆ ತೆರೆಯಲು ವಿನಂತಿ.

ಹಳೇಪುಟ

ನಿರ್ವಾಹಕರೇ, ಆ ಹಡಗು ವಿಷಯಕ್ಕೆ ಹೊರಗಿನದಲ್ಲ. ಅದು ಕಾಂಗ್ರೆಸ್ಸಿನ ಹಡಗಾಗಿರಲಿಲ್ಲ, ಪೆನ್ಸಿಲ್ವೇನಿಯಾ ರಾಜ್ಯದ್ದು. ಫಿಲಡೆಲ್ಫಿಯಾದ ವ್ಯಾಪಾರಿಗಳು ತಮ್ಮ ಸರಕನ್ನು ಕಾಪಾಡಿಕೊಳ್ಳಲು ಮುಂದೆ ನಿಂತು ಸಜ್ಜುಗೊಳಿಸಿದ ಹಡಗು ಅದು. ಕಾಂಗ್ರೆಸ್ಸಿನ ನೌಕಾಪಡೆಯಲ್ಲಿ ಕೊನೆಗೆ ಉಳಿದಿದ್ದ ಅಲಯನ್ಸ್ ಎಂಬ ಹಡಗನ್ನು ಇಟ್ಟುಕೊಳ್ಳಲು ಹಣವಿಲ್ಲದೆ 1785ರಲ್ಲಿ ಮಾರಿಬಿಟ್ಟರು. ರಾಜ್ಯಗಳ ಬಳಿ ಹಡಗು, ಕೇಂದ್ರದ ಬಳಿ ಬರೀ ಕಾಗದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕರಿಕೋಟು

ವಕೀಲಿ ವೃತ್ತಿಯವನಾದ್ದರಿಂದ ನಾನು ದಾಖಲೆಯನ್ನು ಹಿಡಿದೇ ಮಾತನಾಡುತ್ತೇನೆ. ತುಂಗಾತೀರ ಅವರ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ. ಸಮಾವೇಶಕ್ಕೆ ಕರಡು ಬರೆಯುವ ಅಧಿಕಾರ ಇತ್ತೇ ಎಂಬುದು ಒಂದು. ಆ ಕರಡು ಕಾನೂನಾದ ಬಗೆ ಸರಿಯೇ ಎಂಬುದು ಇನ್ನೊಂದು.

ಮೊದಲನೆಯದರಲ್ಲಿ ನನಗೆ ದೊಡ್ಡ ತೊಡಕು ಕಾಣುವುದಿಲ್ಲ. ಸಮಾವೇಶ ಯಾರ ಮೇಲೂ ಕಾನೂನು ಹೇರಲಿಲ್ಲ, ಒಂದು ಸಲಹೆಯನ್ನು ಸಹಿ ಹಾಕಿ ಕಾಂಗ್ರೆಸ್ಸಿಗೆ ಕಳುಹಿಸಿತು. ಕಾಂಗ್ರೆಸ್ ಅದನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು. ಹಾಗೆ ಮಾಡದೆ ಸೆಪ್ಟೆಂಬರ್ 28ರಂದು, ಒಳ್ಳೆಯದು ಕೆಟ್ಟದ್ದು ಏನನ್ನೂ ಹೇಳದೆ, ರಾಜ್ಯಗಳಿಗೆ ರವಾನಿಸಿತು. ಪ್ರತಿನಿಧಿಗಳ ಮೇಲೆ ಅವರವರ ರಾಜ್ಯ ಹಾಕಿದ್ದ ಕಟ್ಟು ಮಾತ್ರ ಬೇರೆ ವಿಷಯ. ಕಾಂಗ್ರೆಸ್ಸಿನಲ್ಲಿ ರಾಜ್ಯಕ್ಕೊಂದು ಮತ ಎಂಬ ನಿಯಮವನ್ನು ಬಿಟ್ಟುಕೊಡಕೂಡದು ಎಂದು ಡೆಲವೇರ್ ತನ್ನವರಿಗೆ ಲಿಖಿತ ಆದೇಶ ಕೊಟ್ಟಿತ್ತು. ಅವರು ಕೊನೆಗೆ ಜನಸಂಖ್ಯೆಯ ಆಧಾರದ ಪ್ರತಿನಿಧಿ ಸಭೆಗೆ ಸಹಿ ಹಾಕಿದರು. ಆದರೂ 1787ರ ಡಿಸೆಂಬರ್ 7ರಂದು ಎಲ್ಲರಿಗಿಂತ ಮೊದಲು, ಒಂದೂ ವಿರೋಧ ಮತವಿಲ್ಲದೆ, ಒಪ್ಪಿದ ರಾಜ್ಯ ಡೆಲವೇರ್‌ ಎಂಬುದನ್ನು ಗಮನಿಸಬೇಕು. ಯಜಮಾನನೇ ಒಪ್ಪಿದ ಮೇಲೆ ಗುಮಾಸ್ತ ಅಧಿಕಾರ ಮೀರಿದ ಎಂಬ ವಾದ ಯಾವ ನ್ಯಾಯಾಲಯದಲ್ಲೂ ನಿಲ್ಲುವುದಿಲ್ಲ.

ಎರಡನೆಯದರಲ್ಲಿ ತೊಡಕು ಇದೆ. ಹದಿಮೂರನೆಯ ವಿಧಿಯನ್ನು ಮೀರಿದ್ದು ನಿಜ. ಅದನ್ನು ಸಮರ್ಥಿಸಿದವರು ಹೇಳಿದ್ದು ಇಷ್ಟು: ಕರಾರು ಶಾಸನಸಭೆಗಳ ನಡುವೆ ಆದದ್ದು, ಸಂವಿಧಾನವೋ ಜನರೇ ಮಾಡಿಕೊಳ್ಳುವುದು; ಜನರ ಅಧಿಕಾರ ಶಾಸನಸಭೆಗಿಂತ ಮೇಲಿನದು. ಈ ಮಾತು ಫಿಲಡೆಲ್ಫಿಯಾದಲ್ಲಿ ಹುಟ್ಟಿದ್ದಲ್ಲ. ಮ್ಯಾಸಚೂಸೆಟ್ಸ್ ತನ್ನ 1780ರ ಸಂವಿಧಾನವನ್ನು ಶಾಸನಸಭೆಯಲ್ಲಿ ಮಾಡದೆ, ಅದಕ್ಕೆಂದೇ ಆರಿಸಿದ ಸಮಾವೇಶದಲ್ಲಿ ಮಾಡಿ, ಊರೂರಿನ ಸಭೆಗಳ ಮುಂದಿಟ್ಟು ಒಪ್ಪಿಗೆ ಪಡೆದಿತ್ತು. 1787ರವರು ಆ ಪದ್ಧತಿಯನ್ನೇ ದೇಶದ ಮಟ್ಟಕ್ಕೆ ಎತ್ತಿದರು.

ಸಂಶಯಾತ್ಮ

ಜನರೇ ಮಾಡಿಕೊಂಡರು ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ 1787ರ ಸೆಪ್ಟೆಂಬರ್ 29ರ ಫಿಲಡೆಲ್ಫಿಯಾ ನೆನಪಿಗೆ ಬರುತ್ತದೆ. ಪೆನ್ಸಿಲ್ವೇನಿಯಾ ಶಾಸನಸಭೆಯ ಅವಧಿ ಮುಗಿಯುವ ದಿನ ಅದು. ಅನುಮೋದನಾ ಸಮಾವೇಶ ಕರೆಯುವ ಠರಾವು ಅಂದೇ ಆಗಬೇಕಿತ್ತು. ವಿರೋಧಿಗಳು ಸಭೆಗೆ ಬಾರದೆ ಕೋರಂ ತಪ್ಪಿಸಿದರು. ಇಬ್ಬರು ಕಡಿಮೆ ಬಿದ್ದಾಗ ಗುಂಪೊಂದು ಮೆಕಾಮಂಟ್ ಮತ್ತು ಮೈಲಿ ಎಂಬ ಇಬ್ಬರು ಸದಸ್ಯರು ಇಳಿದುಕೊಂಡಿದ್ದ ಮನೆಗೆ ನುಗ್ಗಿ, ಅವರನ್ನು ಬೀದಿಯಲ್ಲಿ ಎಳೆದು ತಂದು ಸಭೆಯಲ್ಲಿ ಕೂರಿಸಿತು. ಮೆಕಾಮಂಟ್ ಎದ್ದು ನನ್ನನ್ನು ಬಲವಂತವಾಗಿ ತಂದಿದ್ದಾರೆ, ಹೋಗಲು ಬಿಡಿ ಎಂದು ಕೇಳಿದರೂ ಬಿಡಲಿಲ್ಲ. ಕೋರಂ ಆಯಿತು, ಠರಾವು ಅಂಗೀಕಾರವಾಯಿತು. ಇದು ನಡೆದದ್ದು ಹನ್ನೆರಡು ದಿನ ಹಿಂದಷ್ಟೇ ಸಂವಿಧಾನಕ್ಕೆ ಸಹಿ ಬಿದ್ದಿದ್ದ ಅದೇ ಕಟ್ಟಡದಲ್ಲಿ.

ಇನ್ನು ಜನ ಎಂದರೆ ಯಾರು? 1790ರ ಮೊದಲ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನರಿದ್ದರು, ಅವರಲ್ಲಿ ಹತ್ತಿರ ಹತ್ತಿರ 7 ಲಕ್ಷ ಜನ ಗುಲಾಮರು. ಅವರಿಗೆ ಮತವಿಲ್ಲ. ಆದರೆ ಅವರನ್ನು ಐದರಲ್ಲಿ ಮೂರು ಭಾಗವಾಗಿ ಎಣಿಸಿ ಅವರ ಯಜಮಾನರಿಗೆ ಪ್ರತಿನಿಧಿ ಸಭೆಯಲ್ಲಿ ಹೆಚ್ಚು ಸ್ಥಾನ, ಅದರ ಮೂಲಕ ಅಧ್ಯಕ್ಷರ ಚುನಾವಣೆಯಲ್ಲೂ ಹೆಚ್ಚು ಮತ. ಗುಲಾಮರ ಆಮದನ್ನು 1808ರವರೆಗೆ ಕಾಂಗ್ರೆಸ್ ನಿಷೇಧಿಸುವಂತಿಲ್ಲ, ಓಡಿಹೋದವರನ್ನು ಹಿಡಿದು ಒಪ್ಪಿಸಬೇಕು. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ಕೇಳಿದ್ದು ಬಹುಮಟ್ಟಿಗೆ ಸಿಕ್ಕಿತು. ವಿಪರ್ಯಾಸವೆಂದರೆ ಅಪ್ರಯೋಜಕ ಎಂದು ನೀವೆಲ್ಲ ಬೈಯುತ್ತಿರುವ ಹಳೆಯ ಕಾಂಗ್ರೆಸ್, ಅದೇ 1787ರ ಜುಲೈ 13ರಂದು ನ್ಯೂಯಾರ್ಕ್‌ನಲ್ಲಿ ಕುಳಿತು, ಒಹಾಯೊ ನದಿಯ ಉತ್ತರದ ಪ್ರದೇಶದಲ್ಲಿ ಗುಲಾಮಗಿರಿ ಕೂಡದು ಎಂಬ ಶಾಸನ ಮಾಡಿತು.

ಕರಿಕೋಟು

ಎಳೆದು ತಂದದ್ದು ನಿಜ, ಅದು ನಾಚಿಕೆಗೇಡು. ಆದರೆ ಆ ಠರಾವು ಸಂವಿಧಾನವನ್ನು ಒಪ್ಪಿದ್ದಲ್ಲ, ಸಮಾವೇಶಕ್ಕೆ ಚುನಾವಣೆ ನಡೆಸಲು ಹೇಳಿದ್ದು. ಚುನಾವಣೆ ನಡೆದ ಮೇಲೆ ಡಿಸೆಂಬರ್ 12ರಂದು 46ಕ್ಕೆ 23 ಮತಗಳಿಂದ ಅದು ಗೆದ್ದಿತು. ನ್ಯೂಯಾರ್ಕ್‌ನಲ್ಲಂತೂ ಸಮಾವೇಶದ ಚುನಾವಣೆಗೆ ಆಸ್ತಿಯ ಷರತ್ತನ್ನೇ ತೆಗೆದು, ಸ್ವತಂತ್ರ ವಯಸ್ಕ ಪುರುಷರೆಲ್ಲರಿಗೂ ಮತ ಕೊಟ್ಟರು. ಆ ಕಾಲದ ಯಾವ ದೇಶದಲ್ಲಿ ಇಷ್ಟಾದರೂ ಇತ್ತು ಹೇಳಿ.

ಸಂಶಯಾತ್ಮ

ಆ ಕಾಲದ ಅಳತೆಗೋಲು ಹಿಡಿಯುವುದಾದರೆ ಆ ಕಾಲದವರೇ ಹೇಳಿದ್ದನ್ನು ಕೇಳಿ. ಸಮಾವೇಶ ಮಿತಿ ಮೀರಿತು ಎಂದು ನ್ಯೂಯಾರ್ಕ್‌ನ ಯೇಟ್ಸ್ ಮತ್ತು ಲ್ಯಾನ್ಸಿಂಗ್ ಜುಲೈನಲ್ಲೇ ಎದ್ದುಹೋದರು. ಇದು ಇನ್ನೂರು ವರ್ಷದ ನಂತರ ನಾನು ಕಂಡುಹಿಡಿದ ಆಕ್ಷೇಪವಲ್ಲ.

ನೇಸರ

ನಾನು ಪದವಿ ತರಗತಿಯ ವಿದ್ಯಾರ್ಥಿನಿ. ಸರ್, ಒಂದು ಸಣ್ಣ ಸಂದೇಹ. ಹಳೆಯ ಕರಾರಿನಲ್ಲಿ ಕಾರ್ಯಾಂಗವೇ ಇರಲಿಲ್ಲ ಎನ್ನುತ್ತೀರಿ. ರಾಜನನ್ನು ಓಡಿಸಿ ಹತ್ತು ವರ್ಷವೂ ಆಗದಿದ್ದಾಗ ಒಬ್ಬನೇ ವ್ಯಕ್ತಿಗೆ ಅಷ್ಟು ಅಧಿಕಾರ ಕೊಡಲು ಅವರು ಹೇಗೆ ಒಪ್ಪಿದರು?

ಹಳೇಪುಟ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಅವರು ಸುಲಭವಾಗಿ ಒಪ್ಪಲಿಲ್ಲ. ಜೂನ್ 1ರಂದು ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್, ಕಾರ್ಯಾಂಗ ಒಬ್ಬನೇ ವ್ಯಕ್ತಿಯಲ್ಲಿರಲಿ ಎಂದು ಸೂಚಿಸಿದಾಗ ಸಭೆಯಲ್ಲಿ ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಆ ಜಾಗಕ್ಕೆ ಬರುವವರು ಅಧ್ಯಕ್ಷಪೀಠದಲ್ಲಿ ಕುಳಿತಿದ್ದ ವಾಷಿಂಗ್ಟನ್ ಎಂದು. ಅವರ ಮುಂದೆಯೇ ಆ ಹುದ್ದೆಯನ್ನು ಅನುಮಾನಿಸಿ ಮಾತನಾಡುವುದು ಹೇಗೆ? ಕೊನೆಗೆ ವರ್ಜೀನಿಯಾದ ರ‍್ಯಾಂಡಾಲ್ಫ್ ಮೂವರ ಕಾರ್ಯಾಂಗ ಬೇಕೆಂದರು, ಒಬ್ಬನೇ ಆದರೆ ಅದು ರಾಜತ್ವದ ಭ್ರೂಣ ಎಂದರು.

ಅವರ ಕಣ್ಣ ಮುಂದೆ ರಾಜ್ಯಗಳ ಎರಡು ಮಾದರಿಗಳಿದ್ದವು. ಪೆನ್ಸಿಲ್ವೇನಿಯಾದ 1776ರ ಸಂವಿಧಾನದಲ್ಲಿ ರಾಜ್ಯಪಾಲರೇ ಇಲ್ಲ, ಹನ್ನೆರಡು ಜನರ ಮಂಡಳಿ, ಒಂದೇ ಸದನ. ನ್ಯೂಯಾರ್ಕ್‌ನ 1777ರ ಸಂವಿಧಾನದಲ್ಲಿ ಮತದಾರರೇ ಆರಿಸುವ, ಮೂರು ವರ್ಷ ಅವಧಿಯ ಗಟ್ಟಿ ರಾಜ್ಯಪಾಲ. ಹತ್ತು ವರ್ಷದ ಅನುಭವದಲ್ಲಿ ಎರಡನೆಯದು ವಾಸಿ ಎಂದು ಬಹಳ ಮಂದಿಗೆ ಅನ್ನಿಸಿತ್ತು. ಆದರೂ ಬೇಸಿಗೆಯ ಬಹುಭಾಗ ಅವರು ಒಪ್ಪಿಕೊಂಡಿದ್ದ ಯೋಜನೆಯಲ್ಲಿ ಅಧ್ಯಕ್ಷರನ್ನು ಕಾಂಗ್ರೆಸ್ಸೇ ಆರಿಸಬೇಕಿತ್ತು, ಏಳು ವರ್ಷಕ್ಕೆ, ಒಂದೇ ಸಲ. ನಾಲ್ಕು ವರ್ಷದ ಅವಧಿ, ರಾಜ್ಯವಾರು ಚುನಾಯಕರು ಮತ ಹಾಕುವ ಪದ್ಧತಿ, ಇವೆಲ್ಲ ಬಂದದ್ದು ಬಾಕಿ ವಿಷಯಗಳಿಗೆಂದು ನೇಮಿಸಿದ ಸಮಿತಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಟ್ಟ ವರದಿಯಿಂದ. ಮನೆಗೆ ಹೋಗುವ ಆತುರದಲ್ಲಿದ್ದವರು ಮಾಡಿದ ವ್ಯವಸ್ಥೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 1800ರ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಆರನ್ ಬರ್ ತಲಾ 73 ಮತ ಪಡೆದು, ಪ್ರತಿನಿಧಿ ಸಭೆ 36 ಸುತ್ತು ಮತ ಹಾಕಬೇಕಾಗಿ ಬಂದದ್ದು ಅದರ ಫಲ. 1804ರ ಹನ್ನೆರಡನೆಯ ತಿದ್ದುಪಡಿಯಿಂದ ಅದನ್ನು ಸರಿಪಡಿಸಿಕೊಂಡರು.

ಡೆಲವೇರ್ ದಂಡೆ

ನಾನು ಫಿಲಡೆಲ್ಫಿಯಾದಲ್ಲಿ ನೆಲೆಸಿರುವವನು, ಊರಿನಿಂದ ನೆಂಟರು ಬಂದಾಗಲೆಲ್ಲ ಸಮಾವೇಶ ನಡೆದ ಆ ಕಟ್ಟಡಕ್ಕೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ನೆಲ ಅಂತಸ್ತಿನ ಆ ಸಭಾಂಗಣವನ್ನು ಮೊದಲ ಸಲ ನೋಡಿದವರೆಲ್ಲರೂ ಇಷ್ಟೇನಾ ಎನ್ನುತ್ತಾರೆ. ಹಸಿರು ಬಟ್ಟೆ ಹೊದಿಸಿದ ಚಿಕ್ಕ ಚಿಕ್ಕ ಮೇಜುಗಳು, ಪಕ್ಕಪಕ್ಕದಲ್ಲಿ ಕುರ್ಚಿಗಳು, ಎದುರಿಗೆ ಎತ್ತರದ ಪೀಠ. ಪೀಠದ ಮೇಲಿನ ವಾಷಿಂಗ್ಟನ್ ಕುಳಿತ ಕುರ್ಚಿ ಮಾತ್ರ ಆಗಿನದೇ, ಮಿಕ್ಕ ಪೀಠೋಪಕರಣಗಳು ಆ ಕಾಲದ ಮಾದರಿಯವು. ಒಂದು ಮೇಜಿನಲ್ಲಿ ಪಿಸುಗುಟ್ಟಿದರೆ ಪಕ್ಕದ ಮೇಜಿಗೆ ಕೇಳುವಷ್ಟು ಹತ್ತಿರ. ಅಷ್ಟು ಹತ್ತಿರ ನಾಲ್ಕು ತಿಂಗಳು ಕುಳಿತು ಜಗಳವಾಡಿದವರು ಹೊರಗೆ ಒಂದು ಮಾತನ್ನೂ ಬಿಟ್ಟುಕೊಡಲಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗ. ವರ್ಜೀನಿಯಾದ ಪ್ರತಿನಿಧಿ ಮ್ಯಾಡಿಸನ್ ದಿನವೂ ಮುಂದಿನ ಸಾಲಿನಲ್ಲಿ ಕುಳಿತು ಬರೆದುಕೊಂಡ ಟಿಪ್ಪಣಿಗಳು ಅಚ್ಚಾದದ್ದು 1840ರಲ್ಲಿ, ಅವರು ತೀರಿಕೊಂಡ ಮೇಲೆ.

ಅಧಿಕಾರ ಮೀರಿದರೇ ಎಂಬ ಪ್ರಶ್ನೆಗೆ ನನ್ನ ಒಂದು ಮಾತು. ಆರಂಭದಲ್ಲೇ, ಮೇ 29ರಂದು, ರ‍್ಯಾಂಡಾಲ್ಫ್ ಮಂಡಿಸಿದ ವರ್ಜೀನಿಯಾ ಯೋಜನೆಯಲ್ಲಿ ಎರಡೂ ಸದನಗಳಲ್ಲಿ ಜನಸಂಖ್ಯೆ ಅಥವಾ ಸಂಪತ್ತಿನ ಲೆಕ್ಕವಿತ್ತು. ಜೂನ್ 15ರಂದು ನ್ಯೂಜೆರ್ಸಿಯ ಪ್ಯಾಟರ್ಸನ್ ಮಂಡಿಸಿದ ಪ್ರತಿಯೋಜನೆ ಹಳೆಯ ಕರಾರನ್ನೇ ಇಟ್ಟುಕೊಂಡು, ತೆರಿಗೆ ಮತ್ತು ವ್ಯಾಪಾರದ ಅಧಿಕಾರವನ್ನು ಸೇರಿಸುವಂಥದ್ದು. ಕಾಂಗ್ರೆಸ್ಸಿನ ಠರಾವಿನ ಮಿತಿಯೊಳಗಿದ್ದದ್ದು ಪ್ಯಾಟರ್ಸನ್ ಯೋಜನೆ. ಅಂದರೆ ನಿಯಮದ ಪ್ರಕಾರ ನಡೆಯುವ ದಾರಿ ಅವರ ಮುಂದೆ ಬರಹದಲ್ಲೇ ಇತ್ತು, ಅದನ್ನು ನೋಡಿ, ಚರ್ಚಿಸಿ, ಬೇಡವೆಂದರು. ಗೊತ್ತಿಲ್ಲದೆ ಆದದ್ದಲ್ಲ. ಜುಲೈ 16ರ ರಾಜಿಯಲ್ಲಿ ಪ್ರತಿನಿಧಿ ಸಭೆಗೆ ಜನಸಂಖ್ಯೆ, ಸೆನೆಟ್‌ನಲ್ಲಿ ರಾಜ್ಯಗಳಿಗೆ ಸಮಾನತೆ ಎಂದಾಯಿತು. ಅದು ಗೆದ್ದದ್ದು ಐದು ರಾಜ್ಯಗಳಿಗೆ ನಾಲ್ಕು, ಮ್ಯಾಸಚೂಸೆಟ್ಸ್ ಒಳಗೇ ಸಮನಾಗಿ ಒಡೆದುಹೋಯಿತು. ಹದಿಮೂರು ರಾಜ್ಯಗಳ ದೇಶದ ಇಡೀ ರಚನೆ ಐದು ರಾಜ್ಯಗಳ ಮತದ ಮೇಲೆ ನಿಂತಿತು.

ಜೋಳದರೊಟ್ಟಿ

ಹಾಗಿದ್ದರೆ ಇಷ್ಟು ಆತುರ ಯಾಕೆ? ನಿಧಾನವಾಗಿ ಹದಿಮೂರನ್ನೂ ಒಪ್ಪಿಸಬಹುದಿತ್ತಲ್ಲ.

ಹಳೇಪುಟ

ಶೇಸ್ ದಂಗೆಯ ಹೊಡೆತ. 1786ರ ಬೇಸಿಗೆಯ ಕೊನೆಯಿಂದ ಪಶ್ಚಿಮ ಮ್ಯಾಸಚೂಸೆಟ್ಸ್‌ನ ರೈತರು, ಯುದ್ಧದಲ್ಲಿ ಹೋರಾಡಿ ಬಂದು ಸಾಲ ಮತ್ತು ತೆರಿಗೆಯಲ್ಲಿ ಮುಳುಗಿದ್ದವರು, ಜಪ್ತಿ ನಡೆಯಬಾರದೆಂದು ನ್ಯಾಯಾಲಯಗಳನ್ನು ಮುಚ್ಚಿಸತೊಡಗಿದರು. 1787ರ ಜನವರಿ 25ರಂದು ಅವರು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಕಡೆ ನಡೆದಾಗ ಫಿರಂಗಿ ಹಾರಿಸಿ ತಡೆಯಲಾಯಿತು, ನಾಲ್ವರು ಸತ್ತರು. ಆ ಶಸ್ತ್ರಾಗಾರ ಕಾಂಗ್ರೆಸ್ಸಿನದು, ಕಾದವರು ಮಾತ್ರ ರಾಜ್ಯದ ಪಡೆಯವರು. ದಂಗೆ ಅಡಗಿಸಲು ಕಳುಹಿಸಿದ ಸೈನ್ಯಕ್ಕೆ ಹಣ ಹಾಕಿದವರು ಬಾಸ್ಟನ್ನಿನ ಶ್ರೀಮಂತ ವ್ಯಾಪಾರಿಗಳು. ಸಮಾವೇಶಕ್ಕೆ ಕಾಂಗ್ರೆಸ್ ಸಮ್ಮತಿಸಿದ ಠರಾವು ಬಂದದ್ದು ಇದಾದ ನಾಲ್ಕು ವಾರದೊಳಗೆ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ದಂಗೆ ಇತ್ತು, ಆದ್ದರಿಂದ ನಿಯಮ ಮೀರಿದರು ಎಂಬುದು ಕಾರಣವಾಯಿತೇ ಹೊರತು ಸಮರ್ಥನೆಯಾಗಲಿಲ್ಲ. ಕರಿಕೋಟು ಅವರೇ, ನೀವು ಜನರ ಒಪ್ಪಿಗೆ ಎನ್ನುತ್ತೀರಿ. ಜನ ಕೇಳಿದ ಮುಖ್ಯವಾದದ್ದೇ ಆ ಕರಡಿನಲ್ಲಿ ಇರಲಿಲ್ಲವಲ್ಲ? ಹಕ್ಕುಗಳ ಪಟ್ಟಿಯನ್ನು ಸೇರಿಸೋಣ, ಕೆಲವೇ ಗಂಟೆಗಳ ಕೆಲಸ ಎಂದು ವರ್ಜೀನಿಯಾದ ಪ್ರತಿನಿಧಿ ಜಾರ್ಜ್ ಮೇಸನ್ ಸೆಪ್ಟೆಂಬರ್ 12ರಂದು ಹೇಳಿದಾಗ ಒಂದು ರಾಜ್ಯವೂ ಪರವಾಗಿ ಮತ ಹಾಕಲಿಲ್ಲ. ಮೇಸನ್, ರ‍್ಯಾಂಡಾಲ್ಫ್, ಮ್ಯಾಸಚೂಸೆಟ್ಸ್‌ನ ಗೆರಿ ಮೂವರೂ ಕೊನೆಯ ದಿನ ಅಲ್ಲಿಯೇ ಇದ್ದು ಸಹಿ ಹಾಕಲಿಲ್ಲ.

ಕರಿಕೋಟು

ಜನರ ಒಪ್ಪಿಗೆ ಕೆಲಸ ಮಾಡಿದ್ದೇ ಅಲ್ಲಿ ನೋಡಿ. 1788ರ ಫೆಬ್ರವರಿ 6ರಂದು ಮ್ಯಾಸಚೂಸೆಟ್ಸ್ ಒಪ್ಪಿದ್ದು 187ಕ್ಕೆ 168ರ ಅಂತರದಲ್ಲಿ, ಅದೂ ತಿದ್ದುಪಡಿಗಳ ಶಿಫಾರಸಿನ ಸಹಿತ. ಅಲ್ಲಿಂದ ಮುಂದೆ ಬಹುತೇಕ ರಾಜ್ಯಗಳು ಅದೇ ದಾರಿ ಹಿಡಿದವು. ಜೂನ್ 21ಕ್ಕೆ ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ವರ್ಜೀನಿಯಾ 89ಕ್ಕೆ 79, ನ್ಯೂಯಾರ್ಕ್ 30ಕ್ಕೆ 27. ಈ ಅಂತರಗಳನ್ನು ಕಂಡವರು ಸುಮ್ಮನೆ ಕೂರುವಂತಿರಲಿಲ್ಲ. ಮೊದಲ ಕಾಂಗ್ರೆಸ್ 1789ರ ಸೆಪ್ಟೆಂಬರ್ 25ರಂದು ಹನ್ನೆರಡು ತಿದ್ದುಪಡಿಗಳನ್ನು ಕಳುಹಿಸಿತು, ಹತ್ತು 1791ರ ಡಿಸೆಂಬರ್ 15ಕ್ಕೆ ಜಾರಿಯಾದವು. ಉಳಿದ ಎರಡರಲ್ಲಿ ಸದಸ್ಯರ ಸಂಬಳದ ತಿದ್ದುಪಡಿ 1992ರಲ್ಲಿ ಇಪ್ಪತ್ತೇಳನೆಯದಾಗಿ ಜಾರಿಗೆ ಬಂದದ್ದು ಬೇರೆ ಕಥೆ.

ನಮ್ಮವರು ಈ ವಿಷಯದಲ್ಲಿ ಮುಚ್ಚುಮರೆ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಭಾರತದ ಸಂವಿಧಾನದ 395ನೆಯ ವಿಧಿ, ಸಂವಿಧಾನ ಸಭೆಗೆ ಕಾನೂನಿನ ಬಲ ಕೊಟ್ಟಿದ್ದ ಬ್ರಿಟಿಷ್ ಸಂಸತ್ತಿನ 1947ರ ಸ್ವಾತಂತ್ರ್ಯ ಕಾಯ್ದೆಯನ್ನೇ ರದ್ದುಮಾಡಿತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರು ಮೂಲದ ಬೆನಗಲ್ ನರಸಿಂಗರಾಯರು ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳೊಂದಿಗೆ ಚರ್ಚಿಸಿ ಬಂದವರು. ಹಳೆಯ ಕಾನೂನಿನಿಂದ ಹೊಸದಕ್ಕೆ ದಾಟುವಾಗ ಎಲ್ಲೋ ಒಂದು ಕಡೆ ಬಿರುಕು ಬಿಟ್ಟೇ ಬಿಡುತ್ತದೆ.

ನೇಸರ

ಸಂವಿಧಾನ ಜಾರಿಯಾದ ಕೂಡಲೇ ಇಲಾಖೆಗಳು, ನ್ಯಾಯಾಲಯಗಳು ಎಲ್ಲವೂ ಸಿದ್ಧವಾಗಿದ್ದವೇ, ಸರ್?

ಹಳೇಪುಟ

ಏನೂ ಸಿದ್ಧವಾಗಿರಲಿಲ್ಲ. ನ್ಯೂಯಾರ್ಕ್‌ನಲ್ಲಿ 1789ರ ಮಾರ್ಚ್ 4ಕ್ಕೆ ಸೇರಬೇಕಿದ್ದ ಹೊಸ ಕಾಂಗ್ರೆಸ್ಸಿಗೆ ಕೋರಂ ಸಿಕ್ಕಿದ್ದೇ ಏಪ್ರಿಲ್‌ನಲ್ಲಿ. ಸಂವಿಧಾನದಲ್ಲಿ ಸುಪ್ರೀಂ ಕೋರ್ಟ್ ಒಂದಿರಬೇಕು ಎಂದಿದೆ, ಎಷ್ಟು ನ್ಯಾಯಮೂರ್ತಿಗಳು ಎಂದಿಲ್ಲ. ಸೆಪ್ಟೆಂಬರ್ 24ರ ನ್ಯಾಯಾಂಗ ಕಾಯ್ದೆ ಆರು ಮಂದಿ ಎಂದಿತು, ಕೆಳಗಿನ ನ್ಯಾಯಾಲಯಗಳನ್ನೂ ಸ್ಥಾಪಿಸಿತು. ವಿದೇಶಾಂಗ, ಯುದ್ಧ, ಖಜಾನೆ ಇಲಾಖೆಗಳು ಆ ಬೇಸಿಗೆಯಲ್ಲಿ ಒಂದೊಂದಾಗಿ ಹುಟ್ಟಿದವು. ಸೆನೆಟ್ ಒಪ್ಪಿಗೆಯಿಂದ ನೇಮಕವಾದ ಮಂತ್ರಿಯನ್ನು ಅಧ್ಯಕ್ಷರು ಒಬ್ಬರೇ ತೆಗೆದುಹಾಕಬಹುದೇ ಎಂಬುದಕ್ಕೆ ಸಂವಿಧಾನದಲ್ಲಿ ಉತ್ತರವಿರಲಿಲ್ಲ. ತೆಗೆಯಬಹುದು ಎಂಬ ತೀರ್ಮಾನ ಸೆನೆಟ್‌ನಲ್ಲಿ ಉಳಿದದ್ದು ಉಪಾಧ್ಯಕ್ಷ ಆಡಮ್ಸ್ ಹಾಕಿದ ನಿರ್ಣಾಯಕ ಮತದಿಂದ.

ಒಪ್ಪಂದಗಳಿಗೆ ಸೆನೆಟ್‌ನ ಸಲಹೆ ಮತ್ತು ಸಮ್ಮತಿ ಬೇಕು ಎಂಬ ಸಂವಿಧಾನದ ಮಾತನ್ನು ವಾಷಿಂಗ್ಟನ್ ಅಕ್ಷರಶಃ ತೆಗೆದುಕೊಂಡಿದ್ದರು. ಆಗಸ್ಟ್ 22ರಂದು ದಕ್ಷಿಣದ ಮೂಲನಿವಾಸಿಗಳೊಂದಿಗಿನ ಒಪ್ಪಂದದ ವಿಷಯವಾಗಿ ಯುದ್ಧ ಕಾರ್ಯದರ್ಶಿ ನಾಕ್ಸ್ ಜೊತೆ ತಾವೇ ಸೆನೆಟ್‌ಗೆ ಹೋದರು. ಆಡಮ್ಸ್ ಕಾಗದ ಓದತೊಡಗಿದರೆ ಬೀದಿಯ ಗಾಡಿಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಪೆನ್ಸಿಲ್ವೇನಿಯಾದ ಮೆಕ್ಲೇ ಸಂಬಂಧಪಟ್ಟ ಕಾಗದಗಳನ್ನೆಲ್ಲ ಓದಿಸಬೇಕೆಂದರು, ಇದನ್ನು ಸಮಿತಿಗೆ ಒಪ್ಪಿಸೋಣ ಎಂದು ಇನ್ನೊಬ್ಬರು ಸೂಚಿಸಿದರು. ನಾನು ಬಂದ ಉದ್ದೇಶವೇ ಇದರಿಂದ ಕೆಡುತ್ತದೆ ಎಂದು ವಾಷಿಂಗ್ಟನ್ ರೇಗಿದರು. ಸೋಮವಾರ ಮತ್ತೆ ಬಂದು ಆ ಕೆಲಸ ಮುಗಿಸಿದರು, ಆಮೇಲೆ ಮತ್ತೆಂದೂ ಸಲಹೆ ಕೇಳಲು ಅತ್ತ ಸುಳಿಯಲಿಲ್ಲ. ಇಂದು ಅಧ್ಯಕ್ಷರು ಒಪ್ಪಂದ ಮಾಡಿಕೊಂಡು ಬಂದು ಸಮ್ಮತಿಯನ್ನಷ್ಟೇ ಕೇಳುತ್ತಾರಲ್ಲ, ಅದರ ಬೇರು ಆ ವಾರಾಂತ್ಯದಲ್ಲಿದೆ.

ಸಂಶಯಾತ್ಮ

ಈ ಎಲ್ಲ ನಡೆಯುವಾಗ ಎರಡು ರಾಜ್ಯಗಳು ಹೊರಗೇ ಇದ್ದವು ಎಂಬುದನ್ನು ಮರೆಯಬೇಡಿ. ಉತ್ತರ ಕೆರೊಲಿನಾ 1789ರ ನವೆಂಬರ್‌ನಲ್ಲಿ ಒಪ್ಪಿತು. ರೋಡ್ ಐಲೆಂಡ್ ಸಮಾವೇಶಕ್ಕೆ ಪ್ರತಿನಿಧಿಗಳನ್ನೂ ಕಳುಹಿಸಿರಲಿಲ್ಲ. ಅದರೊಂದಿಗೆ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಸೆನೆಟ್ 1790ರ ಮೇ ತಿಂಗಳಲ್ಲಿ ಅಂಗೀಕರಿಸಿದ ಮೇಲೆ, ಮೇ 29ರಂದು 34ಕ್ಕೆ 32ರಲ್ಲಿ ಅದು ತಲೆಬಾಗಿತು. ಕೊರಳು ಹಿಡಿದು ಪಡೆದ ಒಪ್ಪಿಗೆಯನ್ನು ಹದಿಮೂರನೆಯ ಒಪ್ಪಿಗೆ ಎಂದು ಎಣಿಸುವುದು ನಿಮಗೆ ಬಿಟ್ಟದ್ದು.

ಡೆಲವೇರ್ ದಂಡೆ

ಆದರೆ ಹಳೆಯ ಕಾಂಗ್ರೆಸ್ಸನ್ನು ಯಾರೂ ಹೊರಗೆ ತಳ್ಳಲಿಲ್ಲ. ಚುನಾಯಕರು ಯಾವ ದಿನ ಮತ ಹಾಕಬೇಕು, ಹೊಸ ಸರ್ಕಾರ ಯಾವ ದಿನ ಎಲ್ಲಿ ಸೇರಬೇಕು ಎಂಬುದನ್ನು 1788ರ ಸೆಪ್ಟೆಂಬರ್ 13ರಂದು ಗೊತ್ತುಮಾಡಿದ್ದು ಆ ಕಾಂಗ್ರೆಸ್ಸೇ. 1774ರಿಂದ ಅದರ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಥಾಮ್ಸನ್, ವಾಷಿಂಗ್ಟನ್ ಆಯ್ಕೆಯಾದ ಸುದ್ದಿಯನ್ನು ಅವರ ಮನೆ ಮೌಂಟ್ ವರ್ನನ್‌ಗೆ ಒಯ್ದು ಮುಟ್ಟಿಸಿ, 1789ರ ಜುಲೈನಲ್ಲಿ ಕಡತಗಳನ್ನೂ ಮುದ್ರೆಯನ್ನೂ ಒಪ್ಪಿಸಿ ಮನೆಗೆ ಹೋದರು. ಹಳೆಯ ಸಾಲಗಳಿಗೆ ಹೊಸ ಸರ್ಕಾರವೇ ಬಾಧ್ಯ ಎಂದು ಆರನೆಯ ವಿಧಿ ಹೇಳಿತು.

ಕರಿಕೋಟು

ತುಂಗಾತೀರ ಅವರ ಮೂಲ ಪ್ರಶ್ನೆಗೆ ಇನ್ನೊಂದು ಸಂಗತಿ ಸೇರಿಸಬೇಕು. ಸರ್ವಾನುಮತದ ನಿಯಮ ಪೂರ್ತಿ ಅಳಿಯಲಿಲ್ಲ. ಹೊಸ ಸಂವಿಧಾನದ ಐದನೆಯ ವಿಧಿಯಲ್ಲಿ ತಿದ್ದುಪಡಿಗೆ ಎರಡೂ ಸದನಗಳ ಮೂರನೆಯ ಎರಡು ಭಾಗ, ರಾಜ್ಯಗಳ ನಾಲ್ಕನೆಯ ಮೂರು ಭಾಗ ಸಾಕು ಎಂದಿದೆ. ಆದರೆ ಸೆಪ್ಟೆಂಬರ್ 15ರಂದು, ಸಹಿಗೆ ಎರಡು ದಿನ ಮೊದಲು, ಚಿಕ್ಕ ರಾಜ್ಯಗಳ ಗೊಣಗಾಟಕ್ಕೆ ಮಣಿದು ಒಂದು ಸಾಲು ಸೇರಿಸಿದರು: ಯಾವ ರಾಜ್ಯವನ್ನೂ ಅದರ ಒಪ್ಪಿಗೆಯಿಲ್ಲದೆ ಸೆನೆಟ್‌ನ ಸಮಾನ ಮತದಿಂದ ವಂಚಿಸುವಂತಿಲ್ಲ. ಅದು ಇಂದಿಗೂ ಜಾರಿಯಲ್ಲಿದೆ. ನಲವತ್ತೊಂಬತ್ತು ರಾಜ್ಯಗಳು ಒಂದಾಗಿ ಬಂದರೂ, ಐವತ್ತನೆಯದು ಒಲ್ಲೆ ಎಂದರೆ ಅದರ ಸಮಾನ ಮತವನ್ನು ಮುಟ್ಟುವಂತಿಲ್ಲ.

ತುಂಗಾತೀರ

ಹಾಗಾದರೆ ಹದಿಮೂರನೆಯ ವಿಧಿ ತಮಗೆ ಅನುಕೂಲವಿದ್ದ ಕಡೆ ಮಾತ್ರ ಉಳಿಯಿತು ಎಂದಾಯಿತು. ನನ್ನ ಆಕ್ಷೇಪ ಹಾಗೆಯೇ ಇದೆ, ಕರಿಕೋಟು ಅವರೇ.

ಕರಿಕೋಟು

ಇರಲಿ. ಆ ಸಾಲು ಅನುಕೂಲವಾದದ್ದು ಡೆಲವೇರ್ ಮತ್ತು ರೋಡ್ ಐಲೆಂಡಿಗೆ, ಸಮಾವೇಶ ನಡೆಸಿದ ವರ್ಜೀನಿಯಾಕ್ಕಲ್ಲ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆಕ್ಷೇಪಿಸಿ.